ಚಿಲಕ ಹಾಕದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಬಚ್ಚಲುಮನೆಯ ಬಾಗಿಲಿಗೆ ಚಿಲಕ ಹಾಕಿದ್ದನ್ನು ನಾನು ಕಂಡೇ ಇಲ್ಲ. ಬಾಗಿಲನ್ನು ಅಂಗೈಯಗಲ ತೆರೆದಿಟ್ಟು, ಅದು ತಾನಾಗಿ ಮುಚ್ಚಿಕೊಳ್ಳದಂತೆ ಚೊಂಬೊಂದನ್ನು ಅಡ್ಡ ಇಟ್ಟು, ಹೊರಗೆ ನನ್ನನ್ನು ಕಾವಲು ಕೂರಿಸಿ ಸ್ನಾನ ಮಾಡುತ್ತಿದ್ದಳು. ನನ್ನ ಕೆಲಸ ಇಷ್ಟೇ: ಆಗಾಗ "ಚಿಕ್ಕಮ್ಮಾ" ಎಂದು ಕೂಗಬೇಕು. ಒಳಗಿನಿಂದ ಅವಳು "ಇದ್ದೀನಿ" ಅನ್ನುತ್ತಾಳೆ. ನಾನು ಪುಸ್ತಕದಲ್ಲಿ ಮುಳುಗಿ ಕೂಗುವುದನ್ನು ಮರೆತರೆ ನೀರು ಹುಯ್ದುಕೊಳ್ಳುವ ಸದ್ದು ನಿಂತುಬಿಡುತ್ತಿತ್ತು. "ಏ, ಸತ್ತೋದ್ಯೇನೇ?" ಎಂದು ಒಳಗಿನಿಂದಲೇ ಬೈಗುಳ. ಸ್ನಾನಕ್ಕೆ ಹೋಗಿ ಹೆದರಿಕೊಂಡವಳು ಅವಳು, ಸತ್ತೆಯಾ ಎಂಬ ವಿಚಾರಣೆ ನನಗೆ.

ಈ ಹೆದರಿಕೆಯ ಹಿಂದೆ ಏನೋ ಕಥೆ ಇರಲೇಬೇಕು ಎಂದು ಕೇಳಿದವರಿಗೆಲ್ಲ ಅನುಮಾನ. ಚಿಕ್ಕಂದಿನಲ್ಲಿ ಯಾರಾದರೂ ಕೋಣೆಯಲ್ಲಿ ಕೂಡಿಹಾಕಿದ್ದರಾ, ಬಾವಿಗೆ ಬಿದ್ದಿದ್ದಳಾ? ಅಂಥದ್ದೇನೂ ಇಲ್ಲ. ಅಮ್ಮನ ಪ್ರಕಾರ, ತೊಟ್ಟಿಲಲ್ಲಿದ್ದಾಗಲೇ ಹೊದಿಕೆ ಮುಖದ ಮೇಲೆ ಬಂದರೆ ಮನೆ ಹಾರಿಹೋಗುವಂತೆ ಕಿರುಚುತ್ತಿದ್ದಳಂತೆ. ಕೆಲವರಿಗೆ ಬೆಕ್ಕು ಕಂಡರಾಗುವುದಿಲ್ಲ, ನನಗೆ ಗಣಿತ ಕಂಡರಾಗುವುದಿಲ್ಲ, ಅವಳಿಗೆ ಮುಚ್ಚಿದ ಬಾಗಿಲು ಕಂಡರಾಗುವುದಿಲ್ಲ. ಲಿಫ್ಟಿನ ಮುಂದೆ ನಿಂತವರನ್ನು ಅಯ್ಯೋ ಪಾಪ ಎಂಬಂತೆ ನೋಡಿ, ಎಷ್ಟು ಮಹಡಿಯಿದ್ದರೂ ಮೆಟ್ಟಿಲು ಹತ್ತುತ್ತಿದ್ದಳು. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಸಿಗದಿದ್ದರೆ ದಾರಿಯುದ್ದಕ್ಕೂ ನಿಂತೇ ಬರುತ್ತಿದ್ದಳು.

ಇಂಥವಳು ದುಡಿಯುತ್ತಿದ್ದದ್ದು ಕೋಲ್ಡ್ ಸ್ಟೋರೇಜಿನ ಫ್ರೀಜರ್ ಕೋಣೆಯಲ್ಲಿ.

ಮೊದಲು ಅವಳು ಅಲ್ಲಿಯೇ ಹೊರಗಿನ ಹಾಲಿನಲ್ಲಿದ್ದಳು. ಉದ್ದನೆಯ ಸ್ಟೀಲ್ ಟೇಬಲ್ಲಿನ ಸುತ್ತ ನಿಂತು ಬಟಾಣಿ, ಕ್ಯಾರೆಟ್ಟು, ಮೀನಿನ ತುಂಡುಗಳನ್ನು ಪೊಟ್ಟಣ ಕಟ್ಟುವ ಕೆಲಸ. ಅಲ್ಲಿ ಕಿಟಕಿಗಳಿದ್ದವು, ಹರಟೆಯಿತ್ತು, ಕಾಲು ನೋವಿತ್ತು. ಕಾಲು ನೋವಿನ ಬಗ್ಗೆ ಅವಳು ಮನೆಗೆ ಬಂದು ಮನಸಾರೆ ಗೊಣಗುತ್ತಿದ್ದಳು. ಆಗಿನ ಆ ಗೊಣಗಾಟ ಈಗ ನೆನೆಸಿಕೊಂಡರೆ ಸುಖದ ಕಾಲ ಅನ್ನಿಸುತ್ತದೆ.

ಆಮೇಲೆ ನಮ್ಮಮ್ಮನ ಉಸಿರು ಕೆಟ್ಟಿತು. ಅಮ್ಮ ಹಾಸಿಗೆ ಹೊಲಿಯುವ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಹತ್ತಿಯ ಧೂಳು ಕುಡಿದವಳು. ಬಚ್ಚಲಿನಿಂದ ಮಂಚಕ್ಕೆ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುವಂತಾದಾಗ ಡಾಕ್ಟರು, ಇನ್ನು ಮೇಲೆ ಇವರಿಗೆ ಮನೆಯಲ್ಲೇ ಆಕ್ಸಿಜನ್ ಮಷೀನು ಬೇಕು, ಹಗಲೂ ರಾತ್ರಿ, ಎಂದರು. ಕೊಳ್ಳುವ ಮಾತು ದೂರವೇ ಉಳಿಯಿತು, ಬಾಡಿಗೆಗೆ ತಂದೆವು. ಮಂಚದ ಪಕ್ಕ ಅದು ಒಂದು ಸ್ಟೂಲಿನಷ್ಟು ಜಾಗ ಹಿಡಿದು ಕೂತಿತು. ಯಾವಾಗಲೂ ಗುಂಯ್ಗುಡುತ್ತ, ನಡುನಡುವೆ ಟಕ್ಕೆನ್ನುತ್ತ, ಹಿಂಬದಿಯ ಜಾಲರಿಯಿಂದ ಬಿಸಿ ಗಾಳಿ ಬಿಡುತ್ತ ಇರುತ್ತಿತ್ತು. ಅದರಿಂದ ಹೊರಟ ತೆಳ್ಳನೆಯ ಟ್ಯೂಬು ಅಮ್ಮನ ಮೂಗಿಗೆ. ನಮ್ಮಪ್ಪ ಎಂಬ ಮಹಾಶಯ ಇಷ್ಟರಲ್ಲಿ ಎಲ್ಲಿದ್ದನೋ ಯಾರಿಗೂ ಗೊತ್ತಿಲ್ಲ. ನಾನು ತೆವಳುವುದು ಕಲಿಯುವ ಮೊದಲೇ ಅವನು ನಡೆದುಹೋಗಿದ್ದ.

ಮಷೀನಿನ ಬಾಡಿಗೆ, ಅದು ನುಂಗುವ ಕರೆಂಟು, ಔಷಧಿ, ನನ್ನ ಸ್ಕೂಲು. ಪೊಟ್ಟಣ ಕಟ್ಟುವ ಕೂಲಿಯಲ್ಲಿ ಇಷ್ಟೂ ಆಗುವ ಮಾತಲ್ಲ. ಫ್ರೀಜರ್ ಕೋಣೆಯ ಒಳಗೆ ಕೆಲಸ ಮಾಡುವವರಿಗೆ ಚಳಿಭತ್ಯೆ ಎಂದು ಹೆಚ್ಚಿನ ಸಂಬಳವಿತ್ತು. ಚಿಕ್ಕಮ್ಮ ಎರಡು ದಿನ ಕೂಡಿ ಕಳೆದು ಲೆಕ್ಕ ಹಾಕಿದಳು. ಮೂರನೆಯ ದಿನ ಹೋಗಿ ಒಳಗಿನ ಕೆಲಸಕ್ಕೆ ಹೆಸರು ಬರೆಸಿ ಬಂದಳು.

ತ್ಯಾಗಮಯಿ ಗೀಗಮಯಿ ಎಂದು ಯಾರಾದರೂ ಅವಳ ಬಗ್ಗೆ ಶುರುಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವಳೇನೂ ನಗುನಗುತ್ತ ಹೋಗಲಿಲ್ಲ. ದಿನಾ ಬೆಳಗ್ಗೆ ಮಷೀನಿಗೆ ಶಾಪ ಹಾಕಿ ಹೊರಡುತ್ತಿದ್ದಳು. "ಗುಂಯ್ ಅನ್ನು, ಅನ್ನು. ನೀನಿಲ್ಲಿ ಬೆಚ್ಚಗೆ ಕೂತು ಗುಂಯ್ ಅನ್ನು, ನಾನಲ್ಲಿ ಹೋಗಿ ಮಂಜುಗಡ್ಡೆ ಆಗ್ತೀನಿ." ಅಮ್ಮ ಮುಖ ಆಚೆ ತಿರುಗಿಸಿಕೊಳ್ಳುವಳು. ಆಗ ಚಿಕ್ಕಮ್ಮನೇ ಹತ್ತಿರ ಹೋಗಿ, "ನಿನಗಲ್ಲ ಅಕ್ಕ, ಈ ಡಬ್ಬಕ್ಕೆ ಹೇಳಿದ್ದು" ಎಂದು ಟ್ಯೂಬು ಸರಿಮಾಡಿ ಹೊರಡುತ್ತಿದ್ದಳು. ನನ್ನ ಸ್ಕೂಲು ಬಸ್ಸೂ ಅದೇ ನಿಲ್ದಾಣಕ್ಕೆ ಬರುತ್ತಿದ್ದರಿಂದ ಅಲ್ಲಿಯವರೆಗೆ ಒಟ್ಟಿಗೆ ನಡೆಯುತ್ತಿದ್ದೆವು. ಅವಳು ಹತ್ತಬೇಕಾದ ಬಸ್ಸು ಬರುತ್ತಿತ್ತು, ನಿಲ್ಲುತ್ತಿತ್ತು, ಅವಳು ಹತ್ತುತ್ತಿರಲಿಲ್ಲ. ಕಂಬಕ್ಕೆ ಒರಗಿ ನಿಲ್ಲುತ್ತಿದ್ದಳು. "ಜನ ಜಾಸ್ತಿ ಕಣೇ, ಮುಂದಿನದಕ್ಕೆ ಹೋಗ್ತೀನಿ" ಅನ್ನುತ್ತಿದ್ದಳು. ಬಸ್ಸು ಖಾಲಿ ಹೊಡೆಯುತ್ತಿದ್ದ ದಿನವೂ ಅವಳಿಗೆ ಜನ ಜಾಸ್ತಿಯೇ.

ಫ್ರೀಜರ್ ಕೋಣೆಯನ್ನು ನಾನು ಒಂದೇ ಸಲ ನೋಡಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಅವಳ ಬಾಯಲ್ಲಿ ಕೇಳಿ ಕೇಳಿ ಅದರ ಮೂಲೆಮೂಲೆಯೂ ನನಗೆ ಬಾಯಿಪಾಠ. ಬಾಗಿಲು ದಪ್ಪ ದಿಂಬಿನಷ್ಟು. ಮುಚ್ಚಿದರೆ ಹೊರಗಿನ ಒಂದು ಸದ್ದೂ ಒಳಗೆ ಬರುವುದಿಲ್ಲ. ಒಳಗೆ ಆಳೆತ್ತರದ ಕಪಾಟುಗಳು, ಅವುಗಳ ತುಂಬ ರಟ್ಟಿನ ಪೆಟ್ಟಿಗೆಗಳು. ಬಾಗಿಲನ್ನು ಒಳಗಿನಿಂದ ತೆರೆಯಲು ಒಂದು ಗುಂಡಿಯಿತ್ತು, ಆದರೆ ಅದರ ಮೇಲೆ ಮಂಜು ಕಟ್ಟಿ ಕಲ್ಲಾಗಿ, ಒತ್ತಿದರೆ ಜಗ್ಗುತ್ತಿರಲಿಲ್ಲ. ರಿಪೇರಿಯವನು ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ. ಎಳೆದರೆ ಹೊಡೆದುಕೊಳ್ಳುವ ಗಂಟೆಯೊಂದಿತ್ತು, ಅದು ಹೊಡೆದುಕೊಳ್ಳುತ್ತಿದ್ದದ್ದು ಆಫೀಸಿನಲ್ಲಿ. ಸಂಜೆ ಆಫೀಸಿಗೆ ಬೀಗ ಬಿದ್ದ ಮೇಲೆ ಅದು ಯಾರ ಕಿವಿಗೆ ಬಿದ್ದೀತು? ದೀಪದ ಸ್ವಿಚ್ಚು ಬಾಗಿಲ ಹೊರಗೆ.

ಇದಕ್ಕೆಲ್ಲ ಪರಿಹಾರವೆಂದು ಬಾಗಿಲ ಪಕ್ಕ ಒಂದು ಹಲಗೆ ತೂಗುಹಾಕಿದ್ದರು. ಹಲಗೆಯ ತುಂಬ ಕೊಕ್ಕೆಗಳು. ಒಳಗೆ ಹೋಗುವವರು ತಮ್ಮ ನಂಬರಿನ ತಗಡಿನ ಬಿಲ್ಲೆಯನ್ನು ಕೊಕ್ಕೆಗೆ ಹಾಕಬೇಕು, ಹೊರಗೆ ಬಂದಾಗ ತೆಗೆಯಬೇಕು, ಸಂಜೆ ಗೇಟಿನಲ್ಲಿ ಕೊಟ್ಟು ಹೋಗಬೇಕು. ಹಲಗೆ ಖಾಲಿಯಾದರೆ ಕೋಣೆ ಖಾಲಿ. ಗೇಟಿನಲ್ಲಿ ಕಾವಲಿಗಿದ್ದ ಮುದುಕ ಬಂದು ನೋಡಿ, ದೀಪ ಆರಿಸಿ, ಬಾಗಿಲು ಎಳೆದು ಬೀಗ ಹಾಕುತ್ತಿದ್ದ. ಎಲ್ಲರೂ ಅವನನ್ನು ಗೇಟ್ ತಾತ ಎನ್ನುತ್ತಿದ್ದರು.

ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಆ ರಸ್ತೆಗೆ ಸಂಜೆ ಬರುವುದು ಒಂದೇ ಬಸ್ಸು. ಒಬ್ಬೊಬ್ಬರೇ ಸಾಲಿನಲ್ಲಿ ನಿಂತು ಬಿಲ್ಲೆ ಒಪ್ಪಿಸಿ, ಕೋಟು ಬೂಟು ಬಿಚ್ಚಿ, ಬಸ್ಸು ಹಿಡಿಯುವುದು ಆಗದ ಕೆಲಸ. ಹೀಗಾಗಿ ಹೆಂಗಸರೇ ಒಂದು ಏರ್ಪಾಡು ಮಾಡಿಕೊಂಡಿದ್ದರು. ಮೊದಲು ಹೊರಬಂದವಳು ತನ್ನ ಬಸ್ಸಿನವರ ಬಿಲ್ಲೆಗಳನ್ನೆಲ್ಲ ಒಟ್ಟಿಗೆ ಬಾಚಿಕೊಂಡು ಹೋಗಿ ಗೇಟ್ ತಾತನ ಕೈಗೆ ಸುರಿಯುವುದು, ಉಳಿದವರು ಅಷ್ಟರಲ್ಲಿ ಬಟ್ಟೆ ಬದಲಿಸಿ ಓಡಿ ಬರುವುದು. ಈ ಕೆಲಸಕ್ಕೆ ಹೇಳಿ ಮಾಡಿಸಿದವಳು ನಮ್ಮ ಪಕ್ಕದ ಬೀದಿಯ ಒಬ್ಬಾಕೆ. ಊಟವನ್ನೂ ನಿಂತೇ ಮಾಡುವವಳು, ಮಾತನ್ನು ಅರ್ಧಕ್ಕೇ ಬಿಟ್ಟು ಓಡುವವಳು. ಅವಸರದಕ್ಕ ಎಂದೇ ಅವಳ ಹೆಸರು. ಒಳ್ಳೆಯ ಜೀವ. ಯಾರ ಬಸ್ಸೂ ತಪ್ಪಬಾರದು ಎಂದು ಒದ್ದಾಡುತ್ತಿದ್ದಳು.

ಚಿಕ್ಕಮ್ಮನಿಗೆ ಹಲಗೆಯ ಮೇಲೂ ನಂಬಿಕೆಯಿರಲಿಲ್ಲ, ಬಿಲ್ಲೆಯ ಮೇಲೂ ನಂಬಿಕೆಯಿರಲಿಲ್ಲ. ಅವಳದ್ದೇ ಒಂದು ಉಪಾಯವಿತ್ತು. ಒಳಗೆ ಹೋಗುವಾಗ ಎಲ್ಲರೂ ತಮ್ಮ ಚಪ್ಪಲಿಗಳನ್ನು ದೂರದ ಗೂಡಿನಲ್ಲಿಟ್ಟು ದಪ್ಪ ಬೂಟು ಹಾಕಿಕೊಳ್ಳುತ್ತಿದ್ದರು. ಇವಳು ಒಂದು ಚಪ್ಪಲಿಯನ್ನು ಮಾತ್ರ ತಂದು ಫ್ರೀಜರ್ ಕೋಣೆಯ ಬಾಗಿಲ ನಡುಮಧ್ಯ ಇಡುತ್ತಿದ್ದಳು. ಬಾಗಿಲು ಮುಚ್ಚಲು ಬಂದವರು ಎಡವಿಯಾದರೂ ನೋಡಲಿ ಎಂದು. "ಇವಳ ಚಪ್ಪಲಿ ಕಾವಲಿಗಿದೆ, ಗೇಟ್ ತಾತಂಗೆ ಇನ್ನು ಪಿಂಚಣಿ ಕೊಟ್ಟುಬಿಡಬಹುದು" ಎಂದು ಹೆಂಗಸರು ನಗುತ್ತಿದ್ದರು. ಚಿಕ್ಕಮ್ಮನೂ ನಗುತ್ತಿದ್ದಳು, ಆದರೆ ಚಪ್ಪಲಿ ಇಡುವುದನ್ನು ಬಿಡಲಿಲ್ಲ.

ಹೀಗೆ ಎರಡು ವರ್ಷ ನಡೆಯಿತು. ಹೆದರಿಕೆ ಅಭ್ಯಾಸವಾಗುತ್ತದೆ ಎಂದು ಹೇಳುವವರಿದ್ದಾರೆ. ಅವಳಿಗೆ ಆಗಲಿಲ್ಲ. ನಿದ್ದೆಯಲ್ಲಿ ಗೋಡೆಯನ್ನು ತಳ್ಳುತ್ತಿದ್ದಳು. ಅವಳ ಪಕ್ಕದಲ್ಲಿ ಮಲಗುತ್ತಿದ್ದ ನನಗೂ ಕ್ರಮೇಣ ಅದು ಅಂಟಿಕೊಂಡಿತು. ಸ್ಕೂಲಿನಲ್ಲಿ ಪಾಠ ಕೇಳುತ್ತಿರುವಾಗ ಇದ್ದಕ್ಕಿದ್ದಂತೆ, ಈಗ ಅವಳು ಒಳಗಿದ್ದಾಳೆ ಎಂದು ಹೊಳೆದು ಪಾಠ ಅಲ್ಲಿಗೇ ನಿಂತುಹೋಗುತ್ತಿತ್ತು. ಸಂಜೆ ಬಸ್ ನಿಲ್ದಾಣಕ್ಕೆ ಹೋಗಿ ಕಾಯತೊಡಗಿದೆ. ಅವಳು ಇಳಿಯುವುದನ್ನು ಕಣ್ಣಾರೆ ಕಂಡ ಮೇಲೆಯೇ ನನಗೆ ಹಸಿವಾಗುತ್ತಿದ್ದದ್ದು.

ಒಂದು ದಿನ ಅಮ್ಮನೇ ಬಾಯಿಬಿಟ್ಟಳು. "ಟೇಬಲ್ ಕೆಲಸಕ್ಕೇ ವಾಪಸ್ ಹೋಗು ಕಣೇ. ಹೇಗಾದ್ರೂ ಆಗುತ್ತೆ."

"ಹೇಗೆ ಆಗುತ್ತೆ ಅಕ್ಕ?"

ಆದರೂ ಚಿಕ್ಕಮ್ಮ ಮಾರನೆಯ ದಿನ ಧೈರ್ಯಮಾಡಿ ಸೂಪರ್‌ವೈಸರ್ ಬಳಿ ಹೋದಳು. ಅವನು ದನಿಯೆತ್ತಿ ಮಾತಾಡಿದವನೇ ಅಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಜನರನ್ನು ಕೆಲಸದಿಂದ ತೆಗೆಯುತ್ತಿದ್ದ. ಬೆಣ್ಣೆ ಸಾಹೇಬರು ಎಂದು ಹೆಂಗಸರು ಕರೆಯುತ್ತಿದ್ದದ್ದು ಅದಕ್ಕೇ. "ಖಂಡಿತಾ ಕೊಡೋಣಮ್ಮ" ಎಂದನಂತೆ. "ಆದ್ರೆ ಚಳಿಭತ್ಯೆ ಹೋಗುತ್ತೆ. ಮತ್ತೆ ಒಳಗೆ ಬರ್ತೀನಿ ಅಂದ್ರೆ ಜಾಗ ಇರಲ್ಲ, ಕಾಯ್ತಾ ಇರೋರು ತುಂಬ ಜನ ಇದ್ದಾರೆ. ಮನೇಲಿ ವಿಚಾರ ಮಾಡಿ ಹೇಳಿ. ಅಂದ ಹಾಗೆ, ನಾಳೆ ದೊಡ್ಡವರು ನೋಡೋಕೆ ಬರ್ತಿದ್ದಾರೆ. ಆ ಚಪ್ಪಲಿ ಬಾಗಿಲಲ್ಲಿ ಬೇಡ, ಆಯ್ತಾ? ಇವತ್ತಿಂದಾನೇ."

ಅದೇ ದಿನ ಸಂಜೆ ಆದದ್ದು ಇದು. ಕೆಲಸ ಮುಗಿಸಿ ಎಲ್ಲರೂ ಹೊರಬಂದರು, ಚಿಕ್ಕಮ್ಮನೂ ಬಂದಳು. ಅವಸರದಕ್ಕ ಬಿಲ್ಲೆಗಳನ್ನು ಬಾಚಿಕೊಂಡು ಗೇಟಿನ ಕಡೆ ಹಾರಿದಳು. ಆಗ ಬೆಣ್ಣೆ ಸಾಹೇಬ ಹೊರಗೆ ಉಳಿದಿದ್ದ ಎರಡು ಮೀನಿನ ಪೆಟ್ಟಿಗೆಗಳನ್ನು ಕಂಡು, ಕೊನೆಯಲ್ಲಿದ್ದ ಚಿಕ್ಕಮ್ಮನಿಗೆ, "ಇವೆರಡನ್ನ ಹಿಂದಿನ ಕಪಾಟಿಗೆ ಹಾಕಿಬಿಡಮ್ಮ" ಎಂದು ಹೇಳಿ ಕಾರು ಹತ್ತಲು ಹೋದ. ಬೆಳಗ್ಗೆ ತಾನೇ ಅವನ ಮುಂದೆ ಕೈಕಟ್ಟಿ ನಿಂತು ಕೇಳಿಕೊಂಡವಳು ಈಗ ಆಗುವುದಿಲ್ಲ ಎನ್ನುವುದು ಹೇಗೆ? ಬಿಲ್ಲೆ ಕೊಕ್ಕೆಯಲ್ಲಿಲ್ಲ, ಚಪ್ಪಲಿ ಬಾಗಿಲಲ್ಲಿಲ್ಲ, ಅದು ಅವಳಿಗೆ ಗೊತ್ತಿತ್ತು. ಎರಡೇ ಪೆಟ್ಟಿಗೆ, ಓಡಿ ಹೋಗಿ ಓಡಿ ಬಂದರಾಯಿತು ಎಂದುಕೊಂಡಳು. ಅವಳು ಹಿಂದಿನ ಕಪಾಟಿನಲ್ಲಿ ಎರಡನೆಯ ಪೆಟ್ಟಿಗೆ ತಳ್ಳುತ್ತಿರುವಾಗ ಗೇಟ್ ತಾತ ಬಂದ, ಖಾಲಿ ಹಲಗೆ ನೋಡಿದ, ದೀಪ ಆರಿಸಿದ, ಬಾಗಿಲು ಎಳೆದ.

ನಾನು ನಿಲ್ದಾಣದಲ್ಲಿ ಕಾಯುತ್ತಿದ್ದೆ. ಬಸ್ಸು ಬಂತು. ಅವಸರದಕ್ಕ ಇಳಿದಳು, ಇನ್ನಿಬ್ಬರು ಇಳಿದರು, ಬಸ್ಸು ಹೊರಟಿತು.

"ಚಿಕ್ಕಮ್ಮ ಎಲ್ಲಿ?"

"ಬಂದಿಲ್ವಾ?" ಅವಸರದಕ್ಕ ನಡೆಯುತ್ತಲೇ ಕೇಳಿದಳು. "ಹಿಂದಿನ ಬಾಗಿಲಲ್ಲಿ ಹತ್ತಿರ್ತಾಳೆ ಅಂದ್ಕೊಂಡೆ. ಬೇರೆ ಏನಾದ್ರೂ ಕೆಲಸಕ್ಕೆ ಹೋಗಿರ್ಬೇಕು. ಒಳಗಂತೂ ಇಲ್ಲ, ಅವಳ ಬಿಲ್ಲೆ ನಾನೇ ಕೊಟ್ಟು..."

ಅಷ್ಟಕ್ಕೇ ನಿಂತಳು. ಅವಳು ನಡೆಯುವುದನ್ನು ನಿಲ್ಲಿಸಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಇಬ್ಬರೂ ರಸ್ತೆಗೆ ಅಡ್ಡ ಹೋಗಿ ಸಿಕ್ಕ ಆಟೋ ನಿಲ್ಲಿಸಿದೆವು. ದಾರಿಯುದ್ದಕ್ಕೂ ಅವಸರದಕ್ಕ, "ಬಂದಿದ್ಳು ಕಣೇ, ಹೊರಗೆ ಬಂದಿದ್ಳು, ನಾನು ನೋಡ್ದೆ" ಎಂದು ಅದನ್ನೇ ಹೇಳುತ್ತಿದ್ದಳು. ನಾನು ಮುಂದಿನ ಸೀಟಿನ ಕಂಬಿ ಹಿಡಿದು, ಸಿಗ್ನಲ್ಲಿನ ಕೆಂಪು ದೀಪಗಳನ್ನೆಲ್ಲ ಶಪಿಸುತ್ತ ಕೂತಿದ್ದೆ.

ಗೇಟ್ ತಾತ ಮೊದಲು ನಂಬಲಿಲ್ಲ. "ಹಲಗೆ ಖಾಲಿ ಇತ್ತಮ್ಮ. ನಾನೇ ನೋಡಿ ಬೀಗ ಹಾಕಿದ್ದು."

"ಬಾಗಿಲು ತೆಗೀರಿ ತಾತ."

"ಹಾಗೆಲ್ಲ ತೆಗೆಯೋ ಹಾಗಿಲ್ಲ ಮಗಳೇ. ಬಾಗಿಲು ತೆಗೆದ್ರೆ ಒಳಗಿನ ಥಂಡಿ ಇಳಿಯುತ್ತೆ, ಮೀಟರಲ್ಲಿ ಗೊತ್ತಾಗುತ್ತೆ. ನಾಳೆ ಬೇರೆ ದೊಡ್ಡವರು ಬರ್ತಿದ್ದಾರೆ. ಸಾಹೇಬ್ರಿಗೆ ಫೋನ್ ಮಾಡಿ ಕೇಳ್ತೀನಿ ಇರು." ಫೋನು ಮಾಡಿದ. ಆ ಕಡೆ ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ. "ನಂಗೂ ಸಂಸಾರ ಇದೆ ಮಗಳೇ. ಈ ವಯಸ್ಸಲ್ಲಿ ಇದು ಹೋದ್ರೆ ಇನ್ನೊಂದು ಯಾರು ಕೊಡ್ತಾರೆ?" ಎಂದ. ಆಗ ನನಗೆ ಅವನನ್ನು ಕೊಂದುಹಾಕುವಷ್ಟು ಸಿಟ್ಟು ಬಂದಿತ್ತು. ಈಗ ಬರುವುದಿಲ್ಲ, ಕೆಲಸ ಹೋದರೆ ಗತಿಯೇನು ಎಂಬುದು ಚಿಕ್ಕಮ್ಮನದೇ ಮಾತು, ಬಾಯಿ ಮಾತ್ರ ಅವನದು.

ನಾನು ಚಪ್ಪಲಿ ಗೂಡಿನ ಕಡೆ ಓಡಿದೆ. ಕೆಳಗಿನ ಸಾಲಿನಲ್ಲಿ ಅವಳ ಚಪ್ಪಲಿ ಜೋಡಿ ಇತ್ತು. ಬಲಗಾಲಿನ ಪಟ್ಟಿ ಕಿತ್ತುಹೋಗಿ, ಅಮ್ಮ ಮಂಚದ ಮೇಲೆ ಕೂತು ಕೆಂಪು ದಾರದಲ್ಲಿ ಹೊಲಿದುಕೊಟ್ಟಿದ್ದಳು. ಅದನ್ನು ತಂದು ಗೇಟ್ ತಾತನ ಎದೆಗೆ ಒತ್ತಿ ಹಿಡಿದೆ. "ಬರಿಗಾಲಲ್ಲಿ ಮನೆಗೆ ಹೋದ್ಳಾ? ಬರಿಗಾಲಲ್ಲಿ ಹೋದ್ಳಾ ಹೇಳಿ ತಾತ!" ಅವನು ಆ ಕೆಂಪು ದಾರವನ್ನು ನೋಡಿದ. ಕಾವಲು ಚಪ್ಪಲಿ ಯಾರದ್ದೆಂದು ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ದಿನಾ ಅದನ್ನು ಎಡವುತ್ತಿದ್ದವನು ಅವನೇ. ಕೀಲಿಗೊಂಚಲು ಹಿಡಿದು ಬಾಗಿಲ ಕಡೆ ಓಡಿದ.

ಬಾಗಿಲು ತೆರೆದಾಗ ಮೊದಲು ಹೊರಬಂದದ್ದು ಬಿಳಿ ಹೊಗೆಯಂಥ ಚಳಿ. ಒಳಗೆ ಗವ್ವೆನ್ನುವ ಕತ್ತಲು. ನಾನು ಕೂಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲೇ ಆ ಕತ್ತಲಿನಿಂದ ಅವಳ ದನಿ ಕೇಳಿಸಿತು.

"ಇದ್ದೀನಿ... ಇದ್ದೀನಿ... ಇದ್ದೀನಿ..."

ಯಾರೂ ಕೂಗಿರಲಿಲ್ಲ. ಬಾಗಿಲು ಮುಚ್ಚಿದಾಗಿನಿಂದ ಅವಳು ಅದನ್ನೇ ಹೇಳಿಕೊಂಡು ಕತ್ತಲಲ್ಲಿ ಕಪಾಟು ಹಿಡಿದು ಅತ್ತಿಂದಿತ್ತ ನಡೆಯುತ್ತಿದ್ದಳು. ದೀಪ ಹಾಕಿದಾಗಲೂ ನಡೆಯುವುದನ್ನು ನಿಲ್ಲಿಸಲಿಲ್ಲ. ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ಬಿಳಿಯಾಗಿ ಮಂಜು ಕಟ್ಟಿತ್ತು. ಗುಂಡಿಯನ್ನು ಗುದ್ದಿ ಗುದ್ದಿ ಒಂದು ಗ್ಲೌಸು ಹರಿದುಹೋಗಿ, ಆ ಕೈಯ ಬೆರಳ ತುದಿಗಳು ಮೇಣದಂತೆ ಬೆಳ್ಳಗಾಗಿದ್ದವು. ನಾನು ಹೋಗಿ ತಬ್ಬಿಕೊಂಡೆ. ಅವಳು ನನ್ನ ಕಿವಿಯ ಬಳಿಯೂ "ಇದ್ದೀನಿ" ಎಂದಳು. ನಾನು ಹೋ ಎಂದು ಅತ್ತೆ.

ಗೇಟ್ ತಾತ ತನ್ನ ಫ್ಲಾಸ್ಕಿನ ಚಹಾ ಕುಡಿಸಿದ. ಅವಸರದಕ್ಕ ಅವಳ ಕೈಗಳನ್ನು ತನ್ನ ಕಂಕುಳಲ್ಲಿಟ್ಟುಕೊಂಡು ಕೂತಳು, ಎಷ್ಟು ಹೊತ್ತಾದರೂ ಏಳಲಿಲ್ಲ. ಮನೆಗೆ ಹೊರಡುವಾಗ ಚಿಕ್ಕಮ್ಮ ಮೊದಲ ಸಲ ಬೇರೆ ಮಾತಾಡಿದಳು. "ಅಕ್ಕನಿಗೆ ಹೇಳ್ಬೇಡಿ." ಬೆರಳುಗಳನ್ನು ಎಲ್ಲಿ ಬಚ್ಚಿಡುತ್ತೀಯ ಎಂದು ನಾನು ಕೇಳಲಿಲ್ಲ.

ಅಮ್ಮ ಬೆರಳುಗಳನ್ನು ನೋಡಿದಳು, ನನ್ನ ಮುಖ ನೋಡಿದಳು. ಎಲ್ಲ ಬಾಯಿಬಿಡಿಸಿದಳು. ಆಮೇಲೆ, "ನಾಳೆಯಿಂದ ಹೋಗ್ಬೇಡ" ಎಂದಳು.

"ನೋಡೋಣ ಅಕ್ಕ."

"ನೋಡೋದೇನಿಲ್ಲ. ಹೋಗಲ್ಲ ಅನ್ನು."

ಚಿಕ್ಕಮ್ಮ ಎದ್ದು ಅಡುಗೆಮನೆಯ ಕಡೆ ಹೊರಟಳು. ಅಮ್ಮ ಸರಕ್ಕನೆ ಟ್ಯೂಬನ್ನು ಮೂಗಿನಿಂದ ಕಿತ್ತು ಮಂಚದ ಕೆಳಗೆ ಬಿಸಾಡಿದಳು. "ಇದಕ್ಕೋಸ್ಕರ ತಾನೇ? ಬೇಡ ನಂಗೆ ಇದು." ನಾನು ಹೆಕ್ಕಲು ಹೋದರೆ ನನ್ನ ಕೈಯನ್ನು ತಳ್ಳಿದಳು. ಮಷೀನು ತನ್ನ ಪಾಡಿಗೆ ಗುಂಯ್ಗುಡುತ್ತ ನೆಲಕ್ಕೆ ಉಸಿರು ಬಿಡುತ್ತಿತ್ತು. ಅಮ್ಮನ ಭುಜಗಳು ಏರಿ ಇಳಿಯತೊಡಗಿದವು. ಕುತ್ತಿಗೆಯ ಗುಳಿ ಒಳಗೆ ಸೇದಿಕೊಂಡಿತು, ತುಟಿಯ ಬಣ್ಣ ತಿರುಗಿತು. ಆದರೂ ಕಣ್ಣು ತಂಗಿಯ ಮೇಲೆಯೇ. ಅವತ್ತು ಒಂದೇ ದಿನ ಎರಡನೆಯ ಸಲ ನನಗೆ, ಯಾರೋ ನನ್ನ ಕಣ್ಣೆದುರೇ ಸಾಯುತ್ತಾರೆ ಅನ್ನಿಸಿತು.

"ಹೋಗಲ್ಲ!" ಚಿಕ್ಕಮ್ಮ ಕಿರುಚಿದಳು. "ಹೋಗಲ್ಲ ಅಕ್ಕ, ಹೋಗಲ್ಲ, ಹಾಕ್ಕೊಳೇ ಮಾರಾಯ್ತಿ!" ಆ ಕೆಟ್ಟ ಬೆರಳುಗಳಲ್ಲೇ ಟ್ಯೂಬು ಹುಡುಕಿ ತೆಗೆದು ಅಮ್ಮನ ಮೂಗಿಗೆ ಸಿಕ್ಕಿಸಿದಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು.

ಕೆಲವು ದಿನ ಅವಳು ಹೋಗಲಿಲ್ಲ. ಬೆರಳುಗಳ ಚರ್ಮ ಸುಲಿದು ಹೊಸದು ಬಂತು, ತುದಿಯಲ್ಲಿ ಸ್ಪರ್ಶ ಮಾತ್ರ ಪೂರ್ತಿ ಬರಲಿಲ್ಲ. ಬೆಣ್ಣೆ ಸಾಹೇಬ ಮನೆಗೇ ಬಂದ. ಬಾಗಿಲಲ್ಲಿ ನಿಂತು, ತುಂಬ ಬೇಜಾರಾಯಿತು ಎಂದ. ಇದನ್ನು ದೊಡ್ಡದು ಮಾಡಿದರೆ ಬಿಲ್ಲೆ ಕೊಟ್ಟವಳ ಕೆಲಸವೂ ಹೋಗುತ್ತದೆ, ಬೀಗ ಹಾಕಿದವನ ಕೆಲಸವೂ ಹೋಗುತ್ತದೆ, ಪಾಪ, ಎಂದ. ಪೆಟ್ಟಿಗೆ ಇಡಲು ಹೇಳಿದವನ ಕೆಲಸದ ಬಗ್ಗೆ ಏನೂ ಹೇಳಲಿಲ್ಲ. ಒಳಗಿನ ಜಾಗವನ್ನು ಬರುವ ಸೋಮವಾರದವರೆಗೆ ಹಿಡಿದಿಟ್ಟಿರುತ್ತೇನೆ ಎಂದು ಹೇಳಿ, ಅಮ್ಮನಿಗೆ ಕೈಮುಗಿದು ಹೋದ.

ಚಿಕ್ಕಮ್ಮ ಬೇರೆ ಕೆಲಸಕ್ಕೆ ಅಲೆದಳು. ಬಟ್ಟೆ ಅಂಗಡಿ, ಆಸ್ಪತ್ರೆಯ ಕಸ ಗುಡಿಸುವ ಕೆಲಸ, ಮಕ್ಕಳನ್ನು ನೋಡಿಕೊಳ್ಳುವ ಮನೆ. ಎಲ್ಲ ಕಡೆ ಕಿಟಕಿಗಳಿದ್ದವು, ಸಂಬಳವಿರಲಿಲ್ಲ. ಆ ಶನಿವಾರ ಮಷೀನಿನ ಬಾಡಿಗೆಯವನು ಬಂದು, ಬಾಗಿಲಲ್ಲೇ ನಿಂತು, ಮಷೀನನ್ನು ತಲೆಯಿಂದ ಬುಡದವರೆಗೆ ಒಮ್ಮೆ ನೋಡಿ, "ಇನ್ನೊಬ್ರು ಕೇಳ್ತಾ ಇದ್ದಾರೆ" ಎಂದ. ಅಷ್ಟೇ ಹೇಳಿದ್ದು ಅವನು. ಆ ರಾತ್ರಿ ಚಿಕ್ಕಮ್ಮ ಗೋಡೆ ತಳ್ಳಲಿಲ್ಲ, ಅಂದರೆ ನಿದ್ದೆಯನ್ನೇ ಮಾಡಲಿಲ್ಲ.

ಸೋಮವಾರ ಬೆಳಗ್ಗೆ ತಲೆ ಬಾಚಿಕೊಳ್ಳುತ್ತ, ಕನ್ನಡಿಗೆ ಹೇಳುವಂತೆ ಹೇಳಿದಳು. "ಟೇಬಲ್ ಕೆಲಸ ಕೊಟ್ಟಿದ್ದಾರೆ ಅಕ್ಕ. ಪೊಟ್ಟಣ ಕಟ್ಟೋದು. ಸಂಬಳ ಅದೇ ಕೊಡ್ತಾರಂತೆ, ಆದದ್ದಕ್ಕೆ ಪರಿಹಾರ ಅಂತ."

ಅಮ್ಮ ಅವಳ ಬೆನ್ನನ್ನೇ ನೋಡಿದಳು. "ಹೌದಾ? ಒಳ್ಳೇದಾಯ್ತು ಬಿಡು" ಎಂದಳು.

ನಿಲ್ದಾಣದಲ್ಲಿ ಅವತ್ತು ಅವಳು ಒಂದಲ್ಲ, ಮೂರು ಬಸ್ಸು ಬಿಟ್ಟಳು. ನನಗೆ ತಡೆದುಕೊಳ್ಳಲಾಗಲಿಲ್ಲ. "ಟೇಬಲ್ ಕೆಲಸ ಸುಳ್ಳು ಅಲ್ವಾ?" ಎಂದೆ. ಅವಳು ಕಂಬ ಬಿಡದೆ, "ಬಾಯಿ ಬಿಟ್ಟರೆ ನೋಡು" ಎಂದಳು. ನಾಲ್ಕನೆಯದನ್ನು ಕಣ್ಣು ಮುಚ್ಚಿಕೊಂಡು ಹತ್ತಿದಳು. ನನ್ನ ಸ್ಕೂಲು ಬಸ್ಸು ಎಂದೋ ಹೋಗಿಯಾಗಿತ್ತು.

ಅವಳ ಚಪ್ಪಲಿಗೆ ಬಾಗಿಲಲ್ಲಿ ಮತ್ತೆ ಜಾಗ ಸಿಕ್ಕಿತು, ಆ ವಿಷಯದಲ್ಲಿ ಯಾರೂ ತುಟಿ ಎರಡು ಮಾಡಲಿಲ್ಲ. ಗೇಟ್ ತಾತ ಬೀಗ ಹಾಕುವ ಮುನ್ನ ಒಳಗೆ ಹೋಗಿ ಕೂಗತೊಡಗಿದ. ಗುಂಡಿಯ ರಿಪೇರಿಯವನು ಮಾತ್ರ ಇನ್ನೂ ನಾಳೆಯೇ ಬರುವವನಿದ್ದ. ಟೇಬಲ್ ಕೆಲಸ ಸುಳ್ಳೆಂದು ನಮ್ಮ ಮನೆಯ ಕಡೆ ಗೊತ್ತಿದ್ದದ್ದು ನನಗೂ ಅವಸರದಕ್ಕನಿಗೂ. ಮನೆಗೆ ಬಂದ ಕೂಡಲೇ ಚಿಕ್ಕಮ್ಮ ಅಮ್ಮನ ಹತ್ತಿರ ಹೋಗುತ್ತಿರಲಿಲ್ಲ. ಮೊದಲು ಮಷೀನಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಜಾಲರಿಯಿಂದ ಬರುವ ಬಿಸಿ ಗಾಳಿಗೆ ಎರಡೂ ಕೈ ಒಡ್ಡುತ್ತಿದ್ದಳು. ಟೇಬಲ್ ಕೆಲಸದವಳ ಕೈಯಷ್ಟು ಬೆಚ್ಚಗಾದ ಮೇಲೆಯೇ ಎದ್ದು ಅಕ್ಕನ ಹಣೆ ಮುಟ್ಟುವುದು. "ಡಬ್ಬದ ಧೂಳು ಒರೆಸ್ತಾ ಇದ್ದೆ" ಎನ್ನುವಳು. ಅಷ್ಟು ಚೊಕ್ಕವಾದ ಮಷೀನು ಊರಲ್ಲಿ ಇನ್ನೊಂದು ಇರಲಿಕ್ಕಿಲ್ಲ. ಅಮ್ಮ ಆ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚಿ ಮಲಗಿರುತ್ತಿದ್ದಳು.

ಒಂದು ಸಂಜೆ ಪರೀಕ್ಷೆಯ ವಿಶೇಷ ತರಗತಿ ಇದ್ದು ನಾನು ಮನೆಗೆ ಬರುವುದು ತಡವಾಯಿತು. ಮೆಟ್ಟಿಲು ಹತ್ತುವಾಗಲೇ ನೆನಪಾಗಿ ಓಡತೊಡಗಿದೆ. ಅದು ಚಿಕ್ಕಮ್ಮನ ಸ್ನಾನದ ಹೊತ್ತು, ಕೂಗುವವರು ಯಾರೂ ಇಲ್ಲ. ಬಾಗಿಲು ತಳ್ಳಿ ಒಳಗೆ ಹೋದೆ. ಮಂಚ ಖಾಲಿಯಿತ್ತು. ಮಷೀನು ಗುಂಯ್ಗುಡುತ್ತಿತ್ತು. ಅದರ ಟ್ಯೂಬು ನೆಲದ ಮೇಲೆ ಉದ್ದಕ್ಕೂ ಎಳೆದುಕೊಂಡು ಹೋಗಿ, ಅಡುಗೆಮನೆಯ ಹೊಸಿಲಲ್ಲಿ ಮುಗಿದಿತ್ತು. ಅದರ ತುದಿಯಲ್ಲಿ ಅಮ್ಮನಿರಲಿಲ್ಲ.

ಅಮ್ಮ ಅದರಿಂದ ಆಚೆ, ಬಚ್ಚಲುಮನೆಯ ಬಾಗಿಲ ಬಳಿ ನೆಲದ ಮೇಲೆ ಕೂತಿದ್ದಳು. ಟ್ಯೂಬು ಅಲ್ಲಿಯವರೆಗೆ ಬರುತ್ತಿರಲಿಲ್ಲ. ಎರಡೂ ಕೈ ನೆಲಕ್ಕೆ ಊರಿದ್ದಳು, ತುಟಿ ನೀಲಿಯಾಗಿತ್ತು, ಭುಜಗಳು ಏರಿ ಇಳಿಯುತ್ತಿದ್ದವು. ನನ್ನನ್ನು ಕಂಡು, ಸದ್ದು ಮಾಡಬೇಡ ಎಂದು ಬೆರಳು ತೋರಿಸಿದಳು. ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ, ಏದುಸಿರು ಕೇಳಿಸದಂತೆ ದನಿ ಸರಿಮಾಡಿಕೊಂಡು ಕೂಗಿದಳು.

"ಇದ್ದೀಯೇನೇ?"

"ಇದ್ದೀನಿ ಅಕ್ಕ. ನೀನ್ಯಾಕೆ ಕೂಗ್ತೀಯ, ಅವಳೆಲ್ಲಿ?"

"ಓದ್ಕೋತಾ ಇದ್ದಾಳೆ. ಮಂಚದಿಂದಾನೇ ಕೂಗ್ತಿದ್ದೀನಿ, ನೀನು ಸ್ನಾನ ಮಾಡು." ಅಮ್ಮ ಗೋಡೆಗೆ ತಲೆ ಆನಿಸಿ ಉಸಿರು ಹುಡುಕಿದಳು. ಆಮೇಲೆ, "ಇವತ್ತು ಒಳಗೆ ತುಂಬ ಚಳಿ ಇತ್ತೇನೇ?" ಎಂದಳು.

ನೀರಿನ ಸದ್ದು ನಿಂತಿತು.

"ಟೇಬಲ್ ಹತ್ರ ಎಲ್ಲಿಂದ ಬರ್ಬೇಕು ಅಕ್ಕ ಚಳಿ?"

"ಅದೂ ಸರಿ," ಎಂದಳು ಅಮ್ಮ.

ನಾನು ಮಷೀನನ್ನು ಗೋಡೆಯ ಪ್ಲಗ್ಗಿನ ವಯರು ಎಷ್ಟು ಬರುತ್ತದೋ ಅಷ್ಟೂ ಎಳೆದು ತಂದೆ. ಟ್ಯೂಬನ್ನು ಎತ್ತಿ ಅಮ್ಮನ ಮೂಗಿಗೆ ಹಿಡಿದೆ. ಅವಳು ಎರಡು ಉಸಿರು ಎಳೆದುಕೊಂಡು ನನ್ನ ಕೈಯನ್ನು ಮೆಲ್ಲಗೆ ಸರಿಸಿದಳು, ಮತ್ತೆ ಕೂಗುವ ಹೊತ್ತಾಗಿತ್ತು.